ಅಪ್ಪನ ಕೋಟಿನ ತೂಕ

ಅಂಗಡಿಯಲ್ಲಿ ಅಪ್ಪ ನನಗೆ ಕಲಿಸಿದ ಪಾಠ ಎರಡೇ ಮಾತಿನದು. ನಾನು ಹೊಲಿದ ಪ್ಯಾಂಟಿನ ಅಂಚನ್ನು ಬೆಳಕಿಗೆ ಹಿಡಿದು, ಕನ್ನಡಕವನ್ನು ಹಣೆಗೇರಿಸಿ, ಬರಿಗಣ್ಣನ್ನು ಬಟ್ಟೆಗೆ ತಾಗುವಷ್ಟು ಹತ್ತಿರ ತಂದು ನೋಡಿ, "ಹೊಲಿಗೆ ಕಾಣ್ತಿದೆ, ಬಿಚ್ಚು" ಅನ್ನುತ್ತಿದ್ದ. ಬೈಗುಳವಿಲ್ಲ, ಹೊಗಳಿಕೆಯಂತೂ ಮೊದಲೇ ಇಲ್ಲ. ನಾನು ಬಿಚ್ಚುತ್ತಿದ್ದೆ, ಮತ್ತೆ ಹೊಲಿಯುತ್ತಿದ್ದೆ. ಒಳ್ಳೆಯ ದರ್ಜಿಯ ಹೊಲಿಗೆ ಮೇಲ್ಗಡೆ ಕಾಣಬಾರದು ಎಂಬುದು ಅವನ ಹಟ. ಆ ಹಟವೇ ಅವನನ್ನು ಮುಗಿಸುವುದರಲ್ಲಿತ್ತು.

ಅಂಗಡಿ ಅಂದರೆ ನಮ್ಮ ಮನೆಯ ಮುಂದಿನ ಕೋಣೆ. ಎರಡು ಹೊಲಿಗೆ ಮಿಷಿನ್ನು, ಒಂದು ಕತ್ತರಿಸುವ ಮೇಜು, ಗೋಡೆಗೆ ಒರಗಿಸಿದ ಬಟ್ಟೆಯ ಸುರುಳಿಗಳು, ಹಾಕಿ ನೋಡುವವರಿಗೆ ಒಂದು ಉದ್ದ ಕನ್ನಡಿ. ಒಳಗೆ ಅಡುಗೆಮನೆ, ಅದರಾಚೆ ಅಪ್ಪ ಮಲಗುವ ಕೋಣೆ. ಅಮ್ಮ ಹೋದ ಮೇಲೆ ಇಷ್ಟಕ್ಕೂ ಇರುವವರು ನಾವಿಬ್ಬರೇ. ಬೀದಿಯವರೆಲ್ಲ ಅಪ್ಪನನ್ನು ಮಾಸ್ಟರ್ ಅನ್ನುತ್ತಾರೆ. ನನ್ನನ್ನು ಮಾಸ್ಟರ್ ಮಗಳು ಅನ್ನುತ್ತಾರೆ. ಕಿವಿಯ ಮೇಲೆ ಬಿಳಿಕೂದಲು ಬಂದರೂ ಬಡ್ತಿ ಸಿಕ್ಕಿಲ್ಲ.

ಅಪ್ಪ ಕೆಮ್ಮುತ್ತಿದ್ದದ್ದು ನಿಜ. ಆದರೆ ಬಟ್ಟೆಯ ದೂಳು ಕುಡಿದು ಬದುಕುವವರು ಕೆಮ್ಮದೆ ಇನ್ನೇನು ಮಾಡುತ್ತಾರೆ? ಅದನ್ನು ನಾವು ಮಿಷಿನ್ನಿನ ಸದ್ದಿನ ಜೊತೆ ಸೇರಿಸಿಬಿಟ್ಟಿದ್ದೆವು. ಮೈ ಇಳಿಯುತ್ತಿದ್ದದ್ದು ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ. ಅಂಗಿ ಸಡಿಲವಾದರೆ ಬೇರೆಯವರು ಕನ್ನಡಿ ನೋಡಿಕೊಂಡು ಗಾಬರಿಯಾಗಿ ಡಾಕ್ಟರ ಹತ್ತಿರ ಓಡುತ್ತಾರೆ. ದರ್ಜಿ ಮಿಷಿನ್ನಿಗೆ ಕೂರುತ್ತಾನೆ. ನಾನು ತರಕಾರಿಗೆ ಹೋದ ಹೊತ್ತು ನೋಡಿ ಅಪ್ಪ ತನ್ನ ಅಂಗಿಯ ಎರಡೂ ಪಕ್ಕ ಒಂದು ಬೆರಳಷ್ಟು ಹಿಡಿದು ಹೊಲಿದುಕೊಳ್ಳುತ್ತಿದ್ದ. ಸ್ವಲ್ಪ ದಿನ ಬಿಟ್ಟು ಇನ್ನೊಂದು ಬೆರಳು. ಪ್ಯಾಂಟಿನ ಸೊಂಟಕ್ಕೂ ಅದೇ ಉಪಚಾರ. ಹೀಗಾಗಿ ಬಟ್ಟೆ ಯಾವತ್ತೂ ಮೈಗೆ ಸರಿಯಾಗಿ ಕೂತಿರುತ್ತಿತ್ತು, ಬಂದವರೆಲ್ಲ "ಈ ವಯಸ್ಸಲ್ಲೂ ಮಾಸ್ಟರ್ ಎಷ್ಟು ನೀಟಾಗಿದಾರೆ ನೋಡಿ" ಅಂತ ಹೇಳಿ ಹೋಗುತ್ತಿದ್ದರು.

ಕರವಸ್ತ್ರದಲ್ಲಿ ರಕ್ತ ಕಂಡ ದಿನ ಅವನನ್ನು ಎಳೆದುಕೊಂಡು ಹೋದೆ. ಡಾಕ್ಟರು ಅಂಗಿ ಬಿಚ್ಚಿ ಅಂದರು. ಅಪ್ಪ ಬಿಚ್ಚಿ ನನ್ನ ಕೈಗೆ ಕೊಟ್ಟ. ಪಕ್ಕೆಲುಬುಗಳನ್ನು ನೋಡಲಾರದೆ ನಾನು ಅಂಗಿಯನ್ನು ನೋಡಿದೆ. ಎದೆಯ ಮೇಲಿರಬೇಕಾದ ಜೇಬು ಕಂಕುಳ ಹತ್ತಿರ ಹೋಗಿತ್ತು. ಒಳಮುಖ ತಿರುಗಿಸಿದರೆ ಒಂದರ ಪಕ್ಕ ಒಂದು ಹೊಲಿಗೆಯ ಗೆರೆ, ಇನ್ನೊಬ್ಬ ಅಪ್ಪನಿಗೆ ಆಗುವಷ್ಟು ಬಟ್ಟೆ ಮಡಚಿಕೊಂಡು ಕೂತಿತ್ತು.

"ಯಾಕಪ್ಪಾ ಹೀಗೆ ಮಾಡ್ಕೊಂಡೆ?" ಎಂದು ಕೇಳಿದರೆ, "ಸಡಿಲ ಅಂಗಿ ಹಾಕ್ಕೊಂಡು ಗಿರಾಕಿ ಮುಂದೆ ನಿಂತ್ಕೊಳ್ಳೋಕಾಗುತ್ತಾ? ಮಾನ ಹೋಗಲ್ವಾ?" ಎಂದ.

ಕ್ಷಯ ಎಂದರು. ನನಗೆ ಅಳು ಬರಬೇಕಿತ್ತು, ಬರಲಿಲ್ಲ. ತುಂಬ ಹೊತ್ತು ಮಿಷಿನ್ನು ತುಳಿದರೆ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಹಾಗೆ ನನಗೆ ಒಳಗೆಲ್ಲ ಜೋಮು ಹಿಡಿಯಿತು. ಚಿವುಟಿದರೂ ಗೊತ್ತಾಗುತ್ತಿರಲಿಲ್ಲ.

ನಮ್ಮ ಬೀದಿಯ ತುದಿಯ ಸಣ್ಣ ಆಸ್ಪತ್ರೆಯ ನರ್ಸು ಗಟ್ಟಿ ದನಿಯ ಹೆಂಗಸು. ಗುಳಿಗೆಯ ಪೊಟ್ಟಣ ನನ್ನ ಕೈಗಿಟ್ಟು ಅಪ್ಪನೆದುರೇ ಹೇಳಿದರು. "ನುಂಗೋದನ್ನ ನೀವು ಕಣ್ಣಾರೆ ನೋಡ್ಬೇಕು. ಬಾಯಿ ತೆಗೆಸಿ, ನಾಲಿಗೆ ಎತ್ತಿಸಿ ನೋಡಿ. ಅಪ್ಪ ಅಂತ ಮುಲಾಜು ನೋಡ್ಬೇಡಿ. ತಟ್ಟೆ ಲೋಟದಿಂದ ಬರೋ ಕಾಯಿಲೆ ಅಲ್ಲ ಇದು, ಗಾಳಿಯಿಂದ ಬರೋದು. ಕಿಟಕಿ ತೆಗೆದಿಡಿ, ಇಬ್ರೂ ಮಾಸ್ಕ್ ಹಾಕ್ಕೊಳ್ಳಿ. ಇನ್ನು ಮೂತ್ರ ಕೆಂಪಗೆ ಹೋಗುತ್ತೆ, ಗಾಬರಿ ಬೀಳ್ಬೇಡಿ." ನನ್ನನ್ನೂ ಪರೀಕ್ಷೆ ಮಾಡಿಸಿದರು. ನನಗೇನೂ ಇರಲಿಲ್ಲ. ಅದಕ್ಕೂ ಸಂತೋಷವೇನೂ ಆಗಲಿಲ್ಲ.

ಅಲ್ಲಿಂದ ನಮ್ಮ ದಿನ ಶುರುವಾಗುತ್ತಿದ್ದದ್ದೇ ಅಪ್ಪನ ಬಾಯಿಯಿಂದ. ಬೆಳಿಗ್ಗೆ ಎದ್ದು ಕಿಟಕಿ ತೆಗೆದು ಗುಳಿಗೆ ಕೊಡುತ್ತಿದ್ದೆ. ಒಂದೊಂದನ್ನೇ ನುಂಗಿ ಅವನು ಬಾಯಿ ಕಳೆಯುತ್ತಿದ್ದ. ನಾನು ಬಗ್ಗಿ ನೋಡುತ್ತಿದ್ದೆ, ಸೂಜಿಯ ಕಣ್ಣು ನೋಡುವ ಹಾಗೆ. ಆಮೇಲೆ ಅವನು ಮಲಗುತ್ತಿದ್ದ. ನಾನು ಕಫದ ಡಬ್ಬಿಗೆ ಔಷಧಿ ನೀರು ಹಾಕಿ ತೊಳೆಯುತ್ತಿದ್ದೆ, ಹಾಸಿಗೆಯ ಬಟ್ಟೆಯನ್ನು ಬಿಸಿಲಿಗೆ ಹಾಕುತ್ತಿದ್ದೆ, ಗಂಜಿ ಕಾಯಿಸುತ್ತಿದ್ದೆ. ಮಧ್ಯೆ ಮಧ್ಯೆ ಬಟ್ಟೆ ಹೊಲಿಯುತ್ತಿದ್ದೆ. ಅಪ್ಪ ಒಳಗಿನಿಂದಲೇ ತಮಾಷೆ ಮಾಡುತ್ತಿದ್ದ. ಒಳ ಉಡುಪಿನ ಮೇಲಿನ ಕೆಂಪು ಕಲೆ ತೋರಿಸಿ, "ಬಣ್ಣ ಗಟ್ಟಿ ಕಣೇ, ಎಷ್ಟು ಒಗೆದ್ರೂ ಬಿಡಲ್ಲ, ಗ್ಯಾರಂಟಿ ಮಾಲು" ಅಂದ ಒಂದು ದಿನ. ನಾನು ನಗಲಿಲ್ಲ. ಹಟದಿಂದಲ್ಲ, ನಗುವುದು ಎಲ್ಲಿಂದ ಶುರುವಾಗುತ್ತದೆ ಎಂಬುದೇ ಮರೆತುಹೋಗಿತ್ತು.

ಎದುರು ಮನೆಯ ಆಂಟಿಗೆ ರೇಡಿಯೋ ಎಂದು ಹೆಸರಿಟ್ಟವನು ಅಪ್ಪನೇ. ಆಕೆಯ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಬೀದಿಗೆಲ್ಲ ಪ್ರಸಾರವಾಗುತ್ತದೆ. ನಮ್ಮ ಸುದ್ದಿಯೂ ಆಯಿತು, ಗಿರಾಕಿಗಳು ಕಡಿಮೆಯಾದರು. ಆದರೆ ದಿನಾ ಬೆಳಿಗ್ಗೆ ಸೆರಗು ಮೂಗಿಗೆ ಒತ್ತಿಕೊಂಡು ಬಂದು ನಮ್ಮ ಕಿಟಕಿಯ ಕಟ್ಟೆಯ ಮೇಲೆ ಮೊಟ್ಟೆ ಇಟ್ಟು ಹೋಗುತ್ತಿದ್ದವಳೂ ಅವಳೇ. ಜಗಳ ಆಡಲೋ, ಕೈ ಮುಗಿಯಲೋ ತಿಳಿಯದೆ ನಾನು ಮೊಟ್ಟೆ ಬೇಯಿಸುತ್ತಿದ್ದೆ. ಒಂದು ದಿನ ಕಿಟಕಿಯ ಆಚೆಯಿಂದಲೇ ಆಕೆ ಕೂಗಿ ಹೇಳಿದಳು. "ನಿನ್ನ ಮುಖ ನೋಡಿದ್ರೆ ಕಾಯಿಲೆ ಬಂದಿರೋದು ನಿಂಗೇ ಅನ್ಸುತ್ತಲ್ಲೇ! ಪಾಪ ಆ ಮನುಷ್ಯ ಬೆಳಿಗ್ಗೆ ಎದ್ದರೆ ಈ ಮುಖ ನೋಡ್ಬೇಕು. ಒಂದ್ಸಲ ನಕ್ರೆ ನಿನ್ನ ಗಂಟೇನು ಹೋಗುತ್ತೆ?" ಅಪ್ಪ ಒಳಗೆ ಮಲಗಿದ್ದ. ಕೇಳಿಸಿರಲಿಕ್ಕಿಲ್ಲ ಅಂದುಕೊಂಡೆ.

ಮೊದಲ ತಿಂಗಳ ಕೊನೆಗೆ ತೂಕ ನೋಡಿಸಲು ಹೋದೆವು. ಅಪ್ಪ ತೂಕದ ತಕ್ಕಡಿ ಹತ್ತಿ ನಿಂತ, ಮುಳ್ಳು ಹಿಂದಿನ ಸಲಕ್ಕಿಂತ ಕೆಳಗೇ ನಿಂತಿತು. ನರ್ಸು ಹುಬ್ಬು ಗಂಟಿಕ್ಕಿದರು. "ಔಷಧಿ ನಾಟ್ತಾ ಇದ್ರೆ ಮೈ ತುಂಬ್ಕೋಬೇಕು ಮಾಸ್ಟರ್. ಮುಂದಿನ ತಿಂಗಳೂ ಹೀಗೇ ಆದ್ರೆ ದೊಡ್ಡಾಸ್ಪತ್ರೆಗೆ ಕಳಿಸ್ತೀನಿ. ಈ ಗುಳಿಗೆಗೆ ಬಗ್ಗದ ಕ್ರಿಮಿ ಇದ್ರೂ ಇರ್ಬಹುದು. ಅದನ್ನ ಬೇಗ ಹಿಡಿದ್ರೆ ಉಳೀತೀರಿ, ತಡ ಆದ್ರೆ ಕಷ್ಟ."

ಮನೆಗೆ ಬಂದು ಮಿಷಿನ್ನಿಗೆ ಕೂತೆ. ಒಂದು ಪ್ಯಾಂಟಿನ ಕಾಲು ಮೇಲಿಂದ ಕೆಳಗಿನವರೆಗೆ ಹೊಲಿದು ಎತ್ತಿದರೆ ಎರಡು ತುಂಡೂ ಬೇರೆ ಬೇರೆಯಾಗಿ ಕೈಗೆ ಬಂದವು. ಸೂಜಿಗೆ ದಾರವೇ ಇರಲಿಲ್ಲ. ಬಾಗಿಲಲ್ಲಿ ಅಪ್ಪ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ನಾನು ದಾರ ಪೋಣಿಸಿಕೊಂಡು ಮತ್ತೆ ಮೊದಲಿನಿಂದ ಹೊಲಿದೆ. ಅವನು ಆ ದಿನ ಯಾವ ತಮಾಷೆಯನ್ನೂ ಮಾಡಲಿಲ್ಲ.

ಮುಂದಿನ ತಿಂಗಳು ಚಳಿ ಎಂದು ಅಪ್ಪ ಕೋಟು ಹಾಕಿಕೊಂಡ. ತಾನೇ ಹೊಲಿದುಕೊಂಡ ಹಳೆಯ ಬೂದು ಬಣ್ಣದ ಕೋಟು, ಒಳಗೆ ದಪ್ಪ ಅಸ್ತರು. ನರ್ಸು ತೆಗೆಯಿರಿ ಅಂದರೆ, "ನಡುಕ ಬರುತ್ತೆ ಸಿಸ್ಟರ್, ಮೊದಲೇ ಎಲುಬು" ಅಂದ. ಅವರೂ ಹೋಗಲಿ ಎಂದು ಬಿಟ್ಟು ಕೋಟಿಗೆ ಒಂದಿಷ್ಟು ಕಳೆದರು. ಕಳೆದ ಮೇಲೂ ತೂಕ ಮೇಲೇರಿತ್ತು. ನನ್ನ ಬಾಯಿಂದ ಒಂದು ಸದ್ದು ಬಂತು. ಅದು ನಗು ಎಂದು ನನಗೇ ತಡವಾಗಿ ತಿಳಿಯಿತು, ಮಾಸ್ಕ್ ಗಲ್ಲಕ್ಕೆ ಜಾರಿತ್ತು. "ನೋಡಿ ಮಾಸ್ಟರ್, ನಿಮ್ಮ ಮಗಳಿಗೂ ಹಲ್ಲಿದೆ!" ಎಂದರು ನರ್ಸು. ಅಪ್ಪ ತಕ್ಕಡಿಯ ಮೇಲೆ ನಿಂತೇ ನನ್ನನ್ನು ನೋಡುತ್ತಿದ್ದ.

ಕಫ ಪರೀಕ್ಷೆಗೂ ಕೊಟ್ಟೆವು. ಕೆಮ್ಮು ಒಣಗಿತ್ತು, ಬಂದದ್ದು ಬರೀ ಎಂಜಲು. ಅದರಲ್ಲಿ ಏನೂ ಕಾಣಲಿಲ್ಲ ಎಂದು ವರದಿ ಬಂತು. ತೂಕ ಏರುತ್ತಿದೆಯಲ್ಲ, ಸಾಕು, ಇದೇ ಗುಳಿಗೆ ಮುಂದುವರಿಸಿ ಅಂದರು. ಅದರ ಮುಂದಿನ ತಿಂಗಳು ತೂಕ ಇನ್ನೂ ಸ್ವಲ್ಪ ಏರಿತು. ನಾನು ಇನ್ನೊಮ್ಮೆ ನಕ್ಕೆ. ಆ ಸಂಜೆ ರೇಡಿಯೋ ಆಂಟಿಗೆ ಕರೆದು ಹೇಳಿದೆ, ಆಕೆ ಪ್ರಸಾರ ಮಾಡಿದಳು. ಇಬ್ಬರು ಹಳೆಯ ಗಿರಾಕಿಗಳು ವಾಪಸು ಬಂದರು. ಅಪ್ಪನ ಗಡಿಯಾರ ಮಣಿಕಟ್ಟಿನಿಂದ ಮೊಣಕೈವರೆಗೆ ಜಾರುತ್ತಿತ್ತು. ಪಟ್ಟಿ ಹಳೆಯದಾಗಿದೆ ಅಂದುಕೊಂಡೆ. ಒಳ್ಳೆಯ ಸುದ್ದಿ ಸಿಕ್ಕಾಗ ಅದನ್ನು ಬೆಳಕಿಗೆ ಹಿಡಿದು ನೋಡುವಷ್ಟು ಶಕ್ತಿ ಯಾರಿಗಿರುತ್ತದೆ?

ಆ ದಿನಗಳಲ್ಲೇ ಶಾಲೆಯೊಂದರ ಸಭಾಂಗಣಕ್ಕೆ ಪರದೆ ಹೊಲಿಯುವ ಕೆಲಸ ಬಂತು. ದೊಡ್ಡ ಪರದೆ ಗಾಳಿಗೆ ಹಾರದೆ ನೆಟ್ಟಗೆ ಇಳಿಬೀಳಲಿ ಎಂದು ಕೆಳಗಿನ ಅಂಚಿನೊಳಗೆ ಸೀಸದ ಬಿಲ್ಲೆಗಳನ್ನಿಟ್ಟು ಹೊಲಿಯುತ್ತೇವೆ. ಅಂಚಿಗೆ ಬಂದಾಗ ನೋಡಿದರೆ, ಅಪ್ಪನ ಕಾಯಿಲೆಗೆ ಮುಂಚೆಯೇ ತರಿಸಿಟ್ಟಿದ್ದ ಬಿಲ್ಲೆಯ ಡಬ್ಬಿ ಅರ್ಧಕ್ಕಿಂತ ಹೆಚ್ಚು ಖಾಲಿ. ಬಿಲ್ಲೆ ಮಾರಿದವನಿಗೆ ಫೋನು ಮಾಡಿ ಚೆನ್ನಾಗಿ ಬೈದೆ. "ತುಂಬಿದ ಡಬ್ಬಿ ನಾನೇ ಕೈಯಾರೆ ಕೊಟ್ಟಿದ್ನಲ್ಲ ಅಕ್ಕಾ" ಅಂದ ಅವನು. ಸುಳ್ಳ ಎಂದುಕೊಂಡು ಫೋನಿಟ್ಟೆ.

ಮರುದಿನ ಮತ್ತೆ ತೂಕ ನೋಡಿಸುವುದಿತ್ತು. ಆ ಮಧ್ಯಾಹ್ನವೇ ಅಪ್ಪ ಮಲಗಿದ್ದಾಗ, ಕೋಟು ಸುಕ್ಕಾಗಿದೆ ಎಂದು ಮೇಜಿನ ಮೇಲೆ ಹಾಸಿ ಇಸ್ತ್ರಿ ಮಾಡತೊಡಗಿದೆ. ಅಂಚಿನ ಮೇಲೆ ಇಸ್ತ್ರಿಪೆಟ್ಟಿಗೆ ಟಕ್ಕೆಂದು ಏನಕ್ಕೋ ತಾಗಿತು. ಸ್ವಲ್ಪ ಮುಂದೆ ಇನ್ನೊಮ್ಮೆ ಟಕ್. ಬೆರಳಿಂದ ಒತ್ತಿ ನೋಡಿದೆ. ಅಂಚಿನ ಉದ್ದಕ್ಕೂ ಇದ್ದವು, ಭುಜದ ಮೆತ್ತೆಯೊಳಗಿದ್ದವು, ಒಳಜೇಬಿನ ಹಿಂದೆಯೂ ಇದ್ದವು. ಒಂದು ಕಡೆ ಬಿಚ್ಚಿದೆ. ಸೀಸದ ಬಿಲ್ಲೆ. ಒಂದಕ್ಕೊಂದು ತಾಗಿ ಸದ್ದಾಗದ ಹಾಗೆ ಪ್ರತಿಯೊಂದಕ್ಕೂ ಅಸ್ತರಿನ ತುಂಡಿನಲ್ಲೇ ಪುಟ್ಟ ಚೀಲ ಹೊಲಿದಿದ್ದ.

ನನಗೆ ಮೊದಲು ಅನ್ನಿಸಿದ್ದು ಏನು ಗೊತ್ತೇ? ಎಷ್ಟು ಚೆಂದದ ಕೆಲಸ, ಎಂದು. ಬೆಳಕಿಗೆ ಹಿಡಿದು ನೋಡಿದೆ, ಮೇಲ್ಗಡೆ ಒಂದು ಹೊಲಿಗೆಯೂ ಕಾಣುತ್ತಿರಲಿಲ್ಲ. ಯಾವ ಗಿರಾಕಿಗೂ ಅಪ್ಪ ಇಷ್ಟು ನಾಜೂಕಾಗಿ ಹೊಲಿದುಕೊಟ್ಟಿರಲಿಲ್ಲ. ಆಮೇಲೆ ನಿಧಾನವಾಗಿ ಉಳಿದದ್ದು ಅರ್ಥವಾಯಿತು. ಏರಿದ್ದು ಅಪ್ಪನ ತೂಕವಲ್ಲ. ತೂಕ ಏರಿಲ್ಲ ಅಂದರೆ ಗುಳಿಗೆ ನಾಟುತ್ತಿಲ್ಲ. ಗುಳಿಗೆ ನಾಟುತ್ತಿಲ್ಲ ಅಂದರೆ, ನಾನು ದಿನಾ ಬೆಳಿಗ್ಗೆ ಬಾಯಿ ತೆಗೆಸಿ ನೋಡುತ್ತಿದ್ದ ಅಪ್ಪ ನನ್ನ ಕಣ್ಣೆದುರೇ ಸಾಯುತ್ತಿದ್ದಾನೆ, ಅಳತೆಗೆ ಸರಿಯಾಗಿ ಬಟ್ಟೆ ಹಾಕಿಕೊಂಡು.

ಎಬ್ಬಿಸಿ ಕೇಳಬಹುದಿತ್ತು. ಕೇಳಿದರೆ ಏನಾದರೊಂದು ತಮಾಷೆ ಮಾಡಿ ತಪ್ಪಿಸಿಕೊಳ್ಳುತ್ತಾನೆ, ಇಲ್ಲವೇ ನಾಳೆ ಬರುವುದೇ ಇಲ್ಲ ಎಂದು ಹಟ ಹಿಡಿದು ಕೂರುತ್ತಾನೆ. ಸುಮ್ಮನೆ ಕೂತು ಎಲ್ಲವನ್ನೂ ಬಿಚ್ಚಿದೆ. ಅಸ್ತರನ್ನು ಮೊದಲಿನ ಹಾಗೇ ಮುಚ್ಚಿ ಹೊಲಿದೆ. ಬಿಲ್ಲೆಗಳನ್ನು ಶಾಲೆಯ ಪರದೆಯ ಅಂಚಿಗೆ ಹಾಕಿದೆ. ಬಿಲ್ಲೆಯ ಲೆಕ್ಕ ಸರಿಹೋಯಿತು, ಪರದೆ ನೆಟ್ಟಗೆ ಇಳಿಬಿದ್ದಿತು. ಫೋನಿನಲ್ಲಿ ಬೈಸಿಕೊಂಡವನಿಗೆ ಕ್ಷಮೆ ಕೇಳಬೇಕು ಎಂದು ನೆನಪಾಯಿತು, ಕೇಳಲಿಲ್ಲ.

ಬೆಳಿಗ್ಗೆ ಕೋಟನ್ನು ನಾನೇ ಹಿಡಿದು ತೊಡಿಸಿದೆ. ಒಂದು ತೋಳು ಹಾಕಿದ, ಇನ್ನೊಂದು ತೋಳು ಹಾಕಿದ. ಅವನ ಭುಜಗಳು ಬರಬೇಕಾದ ಭಾರಕ್ಕೆ ಕಾದವು. ಭಾರ ಬರಲಿಲ್ಲ. ಅಪ್ಪ ಅಲುಗಾಡದೆ ನಿಂತ. ಉದ್ದ ಕನ್ನಡಿಯಲ್ಲಿ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಅವನು ನಿಧಾನವಾಗಿ ಗುಂಡಿಗಳನ್ನೆಲ್ಲ ಹಾಕಿಕೊಂಡು, "ನಡಿ" ಎಂದ.

ಆಸ್ಪತ್ರೆಯಲ್ಲಿ ಮುಳ್ಳು ಏರಿ, ನಡುಗಿ, ಹಿಂದೆ ಸರಿದು ನಿಂತಿತು. ನರ್ಸು ತಕ್ಕಡಿಗೆ ಕೈಯಿಂದ ಒಂದು ಏಟು ಕೊಟ್ಟು ಮತ್ತೆ ನೋಡಿದರು. "ಇದೇನಿದು, ಕೆಟ್ಟೋಯ್ತಾ?"

"ತಕ್ಕಡಿ ಸರಿಯಾಗೇ ಇದೆ ಸಿಸ್ಟರ್," ಎಂದ ಅಪ್ಪ. "ಸುಳ್ಳು ಹೇಳಿದ್ದು ಕೋಟು." ಅಲ್ಲೇ ನಿಂತು ಕೋಟು ತೆಗೆದು ನನ್ನ ಕೈಗೆ ಕೊಟ್ಟ. ಮುಳ್ಳು ಇನ್ನೂ ಕೆಳಗಿಳಿಯಿತು. ಅಂಗಿಯ ಜೇಬು ಈಗ ಪೂರ್ತಿ ಕಂಕುಳ ಕೆಳಗಿತ್ತು.

ಸಂಗತಿ ತಿಳಿದ ಮೇಲೆ ನರ್ಸು ಎತ್ತಿದ ಮಂಗಳಾರತಿ ಆಸ್ಪತ್ರೆಗೆಲ್ಲ ಕೇಳಿಸಿತು. "ವಯಸ್ಸಲ್ಲಿ ದೊಡ್ಡೋರು ಅಂತ ಬಾಯಿ ಕಟ್ಕೊಂಡಿದೀನಿ, ಇಲ್ದಿದ್ರೆ... ನಿಮ್ಮ ತೂಕ ನೋಡಿ ಔಷಧಿ ನಡೆಸೋದು ನಾವು! ಇದೇನು ಪರದೆ ಅಂದ್ಕೊಂಡ್ರಾ?" ಬಾಯಿ ಕಟ್ಟಿಕೊಂಡಿದ್ದೇ ಇಷ್ಟಾದರೆ ಬಿಟ್ಟಿದ್ದರೆ ಏನಾಗುತ್ತಿತ್ತೋ. ಆಮೇಲೆ ಅವರೇ ಅಪ್ಪನಿಗೆ ಬಿಸಿನೀರಿನ ಹಬೆ ಕೊಟ್ಟು, ಬೆನ್ನು ತಟ್ಟಿ, ಎದೆಯಾಳದಿಂದ ಕೆಮ್ಮಿಸಿ ಕಫ ತೆಗೆಸಿದರು. ದೊಡ್ಡಾಸ್ಪತ್ರೆಯಲ್ಲಿ ಬೇರೆ ಪರೀಕ್ಷೆ ಮಾಡಿಸುತ್ತೇನೆ, ಹೊರಗೆ ಕೂತಿರಿ ಎಂದರು.

ಹೊರಗೆ ಬಿಸಿಲಿನಲ್ಲಿ ಒಂದು ಬೆಂಚಿತ್ತು. ಇಬ್ಬರೂ ಕೂತೆವು. ಕೋಟು ನನ್ನ ತೊಡೆಯ ಮೇಲಿತ್ತು.

"ದೊಡ್ಡಾಸ್ಪತ್ರೆಗೆ ಹೆದರ್ಕೊಂಡ್ಯಾ?" ಎಂದು ಕೇಳಿದೆ.

"ಹೆದ್ರಿಕೆ ಇತ್ತು. ಅದಕ್ಕಲ್ಲ."

"ಮತ್ತೆ?"

ಅಪ್ಪ ಮಾಸ್ಕನ್ನು ಸರಿಮಾಡಿಕೊಂಡ. "ಅವತ್ತು ನೀನು ದಾರ ಇಲ್ದೆ ಹೊಲೀತಿದ್ದೆ. ಒಂದು ಕಾಲು ಪೂರ್ತಿ. ನಾನು ನಿಂತು ನೋಡ್ತಾನೇ ಇದ್ದೆ. ನಿನಗೆ ಗೊತ್ತೇ ಆಗ್ಲಿಲ್ಲ. ನನಗೆ ಕಾಯಿಲೆ ಬಂದಿದ್ದಕ್ಕಿಂತ ಅದು ಹೆಚ್ಚು ಭಯ ಆಯ್ತು." ಸ್ವಲ್ಪ ಹೊತ್ತು ಕೆಮ್ಮಿ ಸುಧಾರಿಸಿಕೊಂಡ. "ಒಂದು ಸಲ ಮಾತ್ರ ಅಂದ್ಕೊಂಡಿದ್ದೆ. ಮುಳ್ಳು ಮೇಲೆ ಹೋಯ್ತು, ನೀನು ನಕ್ಕೆ. ನಿಮ್ಮಮ್ಮ ಹೋದಮೇಲೆ ನೀನು ಹಾಗೆ ನಕ್ಕಿದ್ದು ನಾನು ನೋಡಿರ್ಲಿಲ್ಲ ಕಣೇ. ಇನ್ನೊಂದ್ಸಲ ನೋಡೋಣ ಅನ್ನಿಸ್ತು."

ನನಗೆ ಸಿಟ್ಟು ಬಂತು. ಇಷ್ಟು ತಿಂಗಳಲ್ಲಿ ನನ್ನೊಳಗೆ ಎದ್ದ ಮೊದಲನೆಯದು ಅದು, ಜೋಮು ಬಿಡುವಾಗ ಕಾಲಿಗೆ ಸೂಜಿ ಚುಚ್ಚಿದ ಹಾಗೆ. "ನನ್ನ ಹಲ್ಲು ನೋಡೋಕೆ ನಿನ್ನ ಪ್ರಾಣ ಕೊಡ್ತೀಯಾ? ತಲೆ ನೆಟ್ಟಗಿದೆಯಾ ನಿಂಗೆ? ನೀನು ಹೋದ್ರೆ ನಾನು ಯಾರ ಮುಂದೆ ನಗ್ಲಿ? ಆ ರೇಡಿಯೋ ಮುಂದೆನಾ?" ಇನ್ನೂ ಏನೇನೋ ಅಂದೆ. ಬೆಂಚಿನ ಆಚೆ ಕೂತಿದ್ದವರು ಎದ್ದು ಬೇರೆ ಕಡೆ ಹೋದರು. ಅಪ್ಪ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡ. ಮುಗಿದ ಮೇಲೆ ಕೋಟಿನ ಅಂಚನ್ನು ಬೆರಳಿನಿಂದ ಸವರಿ, "ನಿನ್ನೆ ಮುಚ್ಚಿದ್ದು ನೀನೇನಾ? ಪರವಾಗಿಲ್ಲ, ಕಾಣಲ್ಲ" ಎಂದ. ಅಪ್ಪನಿಂದ ನನಗೆ ಸಿಕ್ಕ ಮೊದಲ ಹೊಗಳಿಕೆ ಅದು. ತೆಗೆದುಕೊಳ್ಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಪರೀಕ್ಷೆಯ ವರದಿ ಬಂತು. ಕಫದಲ್ಲಿ ಕ್ರಿಮಿ ಇತ್ತು, ಹಳೆಯ ಗುಳಿಗೆಗೆ ಅದು ಜಗ್ಗುತ್ತಿರಲಿಲ್ಲ. ಇನ್ನೂ ತಡವಾಗಿದ್ದರೆ ಏನಾಗುತ್ತಿತ್ತು ಎಂದು ದೊಡ್ಡಾಸ್ಪತ್ರೆಯ ಡಾಕ್ಟರು ಹೇಳಲಿಲ್ಲ, ನಾವು ಕೇಳಲಿಲ್ಲ. ಒಂದಷ್ಟು ದಿನ ಅಲ್ಲೇ ಇಟ್ಟುಕೊಂಡು ಹೊಸ ಗುಳಿಗೆ ಕೊಟ್ಟು ಮನೆಗೆ ಕಳಿಸಿದರು. ದಾರಿ ಉದ್ದ ಇದೆ ಎಂದರು. ಹೊಸ ಗುಳಿಗೆ ನುಂಗಿದರೆ ಅಪ್ಪನಿಗೆ ಹೊಟ್ಟೆ ತೊಳಸುತ್ತದೆ, ಬಾಯೆಲ್ಲ ತುಕ್ಕು ಹಿಡಿದ ಹಾಗೆ ಅನ್ನುತ್ತಾನೆ. ನಾನು ಮತ್ತೆ ಕಿಟಕಿ ತೆಗೆಯುತ್ತೇನೆ, ಬಾಯಿ ತೆಗೆಸುತ್ತೇನೆ, ನಾಲಿಗೆ ಎತ್ತಿಸುತ್ತೇನೆ. ಕಟ್ಟೆಯ ಮೇಲೆ ಮೊಟ್ಟೆ ಬಂದಿರುತ್ತದೆ. ಜೋಮು ಪೂರ್ತಿ ಬಿಟ್ಟಿದೆ ಎಂದು ಹೇಳಲಾರೆ. ಸಿಟ್ಟು ಬಂದ ಜಾಗದಲ್ಲಿ ಮಾತ್ರ ಸ್ವಲ್ಪ ನೋಯುತ್ತದೆ.

ಹೊಸ ಗುಳಿಗೆ ಶುರುವಾದ ಮೇಲೆ ಮೊದಲ ಸಲ ತೂಕಕ್ಕೆ ಹೋದಾಗ ಅಪ್ಪ ಹೇಳಿಸಿಕೊಳ್ಳದೆ ಕೋಟು ತೆಗೆದುಕೊಟ್ಟ. ನರ್ಸು ಬೇಕೆಂದೇ ಅದರ ಅಂಚನ್ನು ಹಿಸುಕಿ ನೋಡಿ, ನನ್ನ ಕಡೆಗೆ ಎಸೆದರು. ಅಪ್ಪ ತಕ್ಕಡಿ ಹತ್ತಿದ. ಮುಳ್ಳು ಹಿಂದಿನ ಸಲಕ್ಕಿಂತ ಒಂದು ಕೂದಲೆಳೆ ಕೆಳಗೇ ನಿಂತಿತು. "ಹೊಸ ಔಷಧಿ, ಮೊದಮೊದಲು ಊಟ ಸೇರಲ್ಲ," ಎಂದರು ನರ್ಸು. "ಕಾಯೋಣ." ಅವರ ದನಿಯಲ್ಲಿ ಎಂದಿನ ಗಟ್ಟಿತನ ಇರಲಿಲ್ಲ.

ಅಪ್ಪ ಮುಳ್ಳನ್ನು ನೋಡುತ್ತಿರಲಿಲ್ಲ, ನನ್ನ ಮುಖವನ್ನು ನೋಡುತ್ತಿದ್ದ.

ನಾನು ಮಾಸ್ಕ್ ಕೆಳಗೆಳೆದು ನಕ್ಕೆ. ತುಟಿಯ ಎರಡೂ ಕೊನೆಗಳನ್ನು ಹಿಡಿದೆಳೆದು, ಹಲ್ಲು ಕಾಣುವ ಹಾಗೆ ನಕ್ಕು, ಹಾಗೇ ನಿಲ್ಲಿಸಿಕೊಂಡೆ. ಕೆನ್ನೆ ನೋಯುತ್ತಿತ್ತು.

ಅಪ್ಪ ತಕ್ಕಡಿಯ ಮೇಲಿನಿಂದಲೇ ಮುಂದೆ ಬಾಗಿದ. ಕನ್ನಡಕವನ್ನು ಹಣೆಗೇರಿಸಿ ನನ್ನ ಮುಖವನ್ನು ತುಂಬ ಹೊತ್ತು ನೋಡಿದ.

"ಹೊಲಿಗೆ ಕಾಣ್ತಿದೆ," ಎಂದ.

ಬಿಚ್ಚು ಅನ್ನಲಿಲ್ಲ.